ಸೀಗಿ ಹುಣ್ಣಿಮೆಯಂದು ಹೊಲದ ಹಕ್ಕಿಗಳನ್ನು ಗುರುತಿಸಿರಿ

ರೋಣ ತಾಲೂಕು ಬೆಳವಣಕಿಯ ಸುತ್ತಿನ ಎರೆಹೊಲಗಳಲ್ಲಿ ಸೀಗಿ ಹುಣ್ಣಿಮೆಯ ಹೊತ್ತಿಗೆ ಹೆಸರಿನ ರಾಶಿ ಮುಗಿದಿರುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತನೆಯ ಗಡಿಬಿಡಿ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಮ್ಮ ಕಡೆಯ ವಾಡಿಕೆ. ಈ ಸಲ ಬೆಳಕು ಹರಿಯುವಾಗಲೇ ಹೋಗಿ ಬದುವಿನ ಮೇಲೆ ಸುಮ್ಮನೆ ಕುಳಿತು ನೋಡಿರಿ. ದುರ್ಬೀನು ಬೇಕಾಗಿಲ್ಲ.

ತಂತಿಯ ಮೇಲೆ ಕುಳಿತ, ಕವಲು ಬಾಲದ ಕರಿಹಕ್ಕಿಯೇ ಕಾಜಾಣ. ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕುಳಿತಾಗ ಮಬ್ಬು ಕಂದಾಗಿ ಕಾಣುತ್ತದೆ. ಮಿಡತೆಯ ಮೇಲೆ ಎರಗುವಾಗ ರೆಕ್ಕೆಯ ನೀಲಿ ಬಿಚ್ಚಿಕೊಳ್ಳುತ್ತದೆ. ಕುಂಟೆಯ ಹಿಂದೆ ಬೆಳ್ಳಕ್ಕಿ, ಗೊರವಂಕ ಬರುವುದನ್ನು ಎಲ್ಲರೂ ಬಲ್ಲರು. ಟ್ರ್ಯಾಕ್ಟರಿನ ಹಿಂದೆಯೂ ಅವು ಬರುತ್ತವೆ.

ಹೊಲದ ಮೇಲೆ ತೀರ ತಗ್ಗಿನಲ್ಲಿ ತೇಲಾಡುವ ನೀಳ ರೆಕ್ಕೆಯ ಗಿಡುಗ ಕಂಡರೆ ಅದು ದೂರದ ಅತಿಥಿ. ಕಜಕಿಸ್ತಾನದ ಹುಲ್ಲುಗಾವಲಿನಂಥ ಕಡೆಗಳಿಂದ ಈ ದಿನಗಳಲ್ಲಿ ಬಂದು ಬೇಸಿಗೆಯ ಮೊದಲಿಗೆ ಮರಳುವ ಇದನ್ನು ಹ್ಯಾರಿಯರ್ ಎನ್ನುವರು. ಮಿಡತೆ, ಇಲಿ ಇದರ ಆಹಾರ. ರಾತ್ರಿ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದಲ್ಲಿ ತಂಗುತ್ತದೆ. ಆದುದರಿಂದ ಗೋಮಾಳದ ಹುಲ್ಲಿಗೆ ಬೆಂಕಿ ಹಚ್ಚಬಾರದು.

ಇನ್ನು ಲಾಭದ ಮಾತು. ಕಡಲೆಯ ಕಾಯಿಕೊರಕ ಹುಳು ಅರ್ಧ ಮೈಯನ್ನು ಕಾಯಿಯೊಳಗೆ ತೂರಿಸಿ ತಿನ್ನುವುದರಿಂದ ಉಳಿದರ್ಧ ಹಕ್ಕಿಯ ಕಣ್ಣಿಗೆ ಬೀಳುತ್ತದೆ. ಆದರೆ ಬಯಲು ಕಡಲೆ ಹೊಲದಲ್ಲಿ ಕಾಜಾಣ ಕೂಡುವುದೆಲ್ಲಿ? ಹೆಕ್ಟೇರಿಗೆ 50ರಂತೆ, ಬೆಳೆಗಿಂತ ಎತ್ತರವಾಗಿ, ಅಡ್ಡಪಟ್ಟಿ ಕಟ್ಟಿದ ಕೋಲುಗಳನ್ನು ನೆಡಿರಿ. ಬಿತ್ತುವಾಗಲೇ ಕಡಲೆಯಲ್ಲಿ ಒಂದು ಹಿಡಿ ಬಿಳಿಜೋಳ ಬೆರೆಸಿದರೆ ಆ ದಂಟುಗಳೇ ಆಸರೆಯಾಗುತ್ತವೆ. ಎಳ್ಳಮಾವಾಸ್ಯೆಗೆ ಮತ್ತೊಮ್ಮೆ ಚರಗ ಚೆಲ್ಲುವಾಗ ಕಡಲೆ ಹೂವು, ಕಾಯಿಯ ಹಂತದಲ್ಲಿರುತ್ತದೆ. ಹುಳದ ಕಾಟವೂ ಆಗಲೇ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ. ಹಿರಿಯರು ಈ ಲೆಕ್ಕ ಹಾಕಿದ್ದರೋ ಇಲ್ಲವೋ, ಹೊಂದಿಕೆಯಂತೂ ಚೆನ್ನಾಗಿದೆ. ಆದರೆ ಮೊಟ್ಟೆ, ಸಣ್ಣ ಮರಿಹುಳು ಹಕ್ಕಿಗೆ ಸಿಗಲಾರವು. ಅವುಗಳಿಗಾಗಿ ಗಿಡ ಪರೀಕ್ಷಿಸುವುದನ್ನು ಬಿಡಬಾರದು.

ಎಲ್ಲ ಹಕ್ಕಿಗಳೂ ಉಪಕಾರಿಗಳೆಂದು ಹೇಳುವುದಿಲ್ಲ. ನವಿಲು, ಬೆಳವ ಬಿತ್ತಿದ ಕಾಳನ್ನು ಆರಿಸುತ್ತವೆ. ಜೋಳದ ಹೊಲದಲ್ಲಿ ಕೋಲು ನೆಟ್ಟಿದ್ದರೆ ತೆನೆಯಲ್ಲಿ ಕಾಳು ಕಟ್ಟುವ ಮೊದಲೇ ಕಿತ್ತುಬಿಡಬೇಕು, ಇಲ್ಲದಿದ್ದರೆ ಗಿಳಿಗಳಿಗೆ ಪೀಠ ಹಾಕಿಕೊಟ್ಟಂತೆ. ಚಿಗರಿಗಳ ಹಿಂಡು ಬಂದರೆ ಓಡಿಸಬಹುದು, ಕೊಲ್ಲುವುದು 1972ರ ಕಾಯಿದೆಯಂತೆ ಅಪರಾಧ.

ಸಂಜೆ ಹಾಳುಗೋಡೆಯಿಂದ ಹೊರಡುವ ಬಿಳಿ ಮುಖದ ಗೂಬೆಯನ್ನು ಅಪಶಕುನವೆಂದು ಕಲ್ಲೆಸೆಯುವವರಿದ್ದಾರೆ. ಅದರ ಮುಖ್ಯ ಆಹಾರ ಇಲಿ. ಇಲಿಪಾಷಾಣ ಬೆರೆಸಿದ ಕಾಳನ್ನು ಹೊಲದಲ್ಲಿ ಚೆಲ್ಲಿದರೆ ಸಾಯುವುದು ಹಗಲು ಕಾಳು ಹೆಕ್ಕುವ ಹಕ್ಕಿಗಳು. ವಿಷ ತಿಂದ ಇಲಿಯನ್ನು ನುಂಗಿದ ಗೂಬೆಗೂ ಅಪಾಯ. ವಿಷದ ತಿನಿಸನ್ನು ಬಿಲದ ಒಳಗಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಿರಿ. ಮರುದಿನ ಹೊರಗೆ ಸತ್ತು ಬಿದ್ದ ಇಲಿಗಳನ್ನು ಆರಿಸಿ ಆಳವಾಗಿ ಹುಗಿಯಿರಿ.