ಕೀಲಿಮಣೆಯ ಹಿಂದೊಬ್ಬ ಗೂಢಚಾರ

ಮನೆಯಲ್ಲೇ ಕುಳಿತು ಷೇರು ವ್ಯಾಪಾರ ಮಾಡುವವರನ್ನು ನೀವು ನೋಡಿರಬಹುದು. ಬೆಳಿಗ್ಗೆ 9.15ಕ್ಕೆ ಷೇರುಪೇಟೆ ತೆರೆಯುತ್ತದೆ. ಮಧ್ಯಾಹ್ನ ಅದು ಮುಚ್ಚುವವರೆಗೂ ಅವರ ಕಣ್ಣು ಕಂಪ್ಯೂಟರಿನ ಪರದೆಯ ಮೇಲೆ. ಅಲ್ಲಿ ಹಸಿರು, ಕೆಂಪು ಅಂಕಿಗಳು ಮಿನುಗುತ್ತಿರುತ್ತವೆ. ಷೇರು ಎಂದರೆ ಒಂದು ಕಂಪನಿಯ ಒಡೆತನದಲ್ಲಿ ಒಂದು ಸಣ್ಣ ಪಾಲು. ನಿಮ್ಮ ತಾತನ ಕಾಲದಲ್ಲಿ ಷೇರು ಎಂದರೆ ಮುದ್ರಿಸಿದ ಕಾಗದದ ಪತ್ರ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. 1996ರಲ್ಲಿ ನಮ್ಮ ದೇಶದಲ್ಲಿ ಹೊಸ ಕಾನೂನು ಬಂತು. ಅಲ್ಲಿಂದ ಮುಂದೆ ಷೇರುಗಳು ಕಾಗದ ಬಿಟ್ಟು ಕಂಪ್ಯೂಟರಿನ ಲೆಕ್ಕದ ಸಾಲುಗಳಾದವು. 2000ರಲ್ಲಿ ಅಂತರಜಾಲದ ಮೂಲಕ ಷೇರು ಕೊಳ್ಳಲು, ಮಾರಲು ಅನುಮತಿ ಸಿಕ್ಕಿತು. ಹೀಗೆ ಮನೆಯ ಮೇಜೇ ಅಂಗಡಿಯಾಯಿತು. ಈಗಂತೂ ಎಷ್ಟೋ ಜನರ ಅಂಗಡಿ ಮೊಬೈಲಿನಲ್ಲೇ ಇದೆ.

ತರಕಾರಿ ಅಂಗಡಿಯವರು ರಾತ್ರಿ ಶಟರ್ ಎಳೆದು ಬೀಗ ಜಡಿಯುತ್ತಾರೆ. ಈ ಅಂಗಡಿಯ ಬೀಗ ಯಾವುದು? ಬಹುಕಾಲ ಇದ್ದದ್ದು ಒಂದೇ ಒಂದು ಗುಟ್ಟಿನ ಪದ, ಅಂದರೆ ಪಾಸ್‌ವರ್ಡ್. ಅದನ್ನು ಕದಿಯಲು ಕಳ್ಳ ನಿಮ್ಮ ಊರಿಗೆ ಬರಬೇಕಾಗಿಲ್ಲ.

ಕಳ್ಳನಿಗೇನು ಲಾಭ?

ಇಲ್ಲೊಂದು ಸೋಜಿಗವಿದೆ. ಷೇರು ಖಾತೆಯಿಂದ ಹಿಂದಕ್ಕೆ ತೆಗೆದ ಹಣ, ಖಾತೆದಾರರು ಮೊದಲೇ ಬರೆಸಿರುವ ಅವರ ಸ್ವಂತ ಬ್ಯಾಂಕ್ ಖಾತೆಗೆ ಮಾತ್ರ ಹೋಗುತ್ತದೆ. ಹಾಗಾದರೆ ಒಳಹೊಕ್ಕ ಕಳ್ಳನಿಗೆ ಸಿಗುವುದೇನು?

ಲೆಕ್ಕ ಮಾಡಿ ನೋಡೋಣ. ಯಾರೂ ಹೆಚ್ಚು ಕೊಳ್ಳದ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಅದರ ಒಂದು ಷೇರಿನ ಬೆಲೆ 10 ರೂಪಾಯಿ. ಕಳ್ಳ ತನ್ನ ಹೆಸರಿನಲ್ಲಿ 5,000 ಷೇರು ಕೊಳ್ಳುತ್ತಾನೆ. ಅವನ ಖರ್ಚು 50,000 ರೂಪಾಯಿ. ಆಮೇಲೆ ಕದ್ದ ಪಾಸ್‌ವರ್ಡ್‌ನಿಂದ ಬೇರೆಯವರ ಖಾತೆಗೆ ನುಗ್ಗುತ್ತಾನೆ. ಅಲ್ಲಿರುವ ಒಳ್ಳೆಯ ಷೇರುಗಳನ್ನೆಲ್ಲ ಮಾರಿ, ಆ ಹಣದಿಂದ ಅದೇ ಸಣ್ಣ ಕಂಪನಿಯ ಷೇರನ್ನು ಮುಗಿಬಿದ್ದು ಕೊಳ್ಳುತ್ತಾನೆ. ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದಲ್ಲವೇ? ಅದು 25 ರೂಪಾಯಿ ಆಯಿತೆನ್ನಿ. ಆಗ ಅವನು ತನ್ನ 5,000 ಷೇರುಗಳನ್ನು ಮಾರಿ 1,25,000 ರೂಪಾಯಿ ಎಣಿಸಿಕೊಳ್ಳುತ್ತಾನೆ. 75,000 ರೂಪಾಯಿ ಲಾಭ! ಬೆಲೆ ಮತ್ತೆ 10ಕ್ಕೆ ಇಳಿಯುತ್ತದೆ. ಆ ಮನೆಯವರ ಕೈಯಲ್ಲಿ ಬೇಡದ ಷೇರುಗಳ ರಾಶಿ ಉಳಿಯುತ್ತದೆ. ಅವರ ಖಾತೆಯಿಂದ ಒಂದು ರೂಪಾಯಿಯನ್ನೂ ಯಾರೂ 'ಹೊತ್ತುಕೊಂಡು' ಹೋಗಿಲ್ಲ. ಆದರೂ ಅವರ ಗಂಟು ಕರಗಿದೆ.

ಇದು ಬರೀ ಕಲ್ಪನೆಯಲ್ಲ. 2006ರಲ್ಲಿ ನಮ್ಮ ನೆರೆಯ ಚೆನ್ನೈನ ಮೂವರು ಭಾರತ ಮತ್ತು ಥಾಯ್ಲೆಂಡಿನಲ್ಲಿ ಕುಳಿತು, ಅಮೆರಿಕದ ಜನರ ಷೇರು ಖಾತೆಗಳಲ್ಲಿ ಇದೇ ಆಟ ಆಡಿದರೆಂದು 2007ರಲ್ಲಿ ಅಮೆರಿಕ ಮೊಕದ್ದಮೆ ಹೂಡಿತು. ಸುಮಾರು 60 ಗ್ರಾಹಕರು, ಒಂಬತ್ತು ದಲ್ಲಾಳಿ ಸಂಸ್ಥೆಗಳು ಇದರಿಂದ ನಷ್ಟಕ್ಕೊಳಗಾದವು. ಮೂವರಲ್ಲಿ ಇಬ್ಬರಿಗೆ ಅಲ್ಲಿನ ನ್ಯಾಯಾಲಯ ಸೆರೆಮನೆ ಶಿಕ್ಷೆ ವಿಧಿಸಿತು. ಬುದ್ಧಿವಂತಿಕೆಯನ್ನು ಎಂಥ ಕೆಲಸಕ್ಕೆ ಬಳಸಿದರು ನೋಡಿ!

ಬೆರಳ ತುದಿಯ ಗುಟ್ಟು

ಪಾಸ್‌ವರ್ಡನ್ನು ಕದಿಯುವುದು ಹೇಗೆ? ಒಂದು ದಾರಿ, ನೀವು ಒತ್ತುವ ಕೀಲಿಗಳನ್ನೇ ಕದ್ದು ನೋಡುವುದು. ಕಂಪ್ಯೂಟರುಗಳು ಮನೆಮನೆಗೆ ಬರುವ ಮೊದಲೇ ಈ ವಿದ್ಯೆ ಇತ್ತು.

1984ರಲ್ಲಿ ಮಾಸ್ಕೋ ನಗರದಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯ ವಿದ್ಯುತ್ ಟೈಪ್‌ರೈಟರ್‌ಗಳನ್ನು ತಪಾಸಣೆಗೆಂದು ಅಮೆರಿಕಕ್ಕೆ ಸಾಗಿಸಿದರು. ನಮ್ಮ ಮೂಳೆಯನ್ನು ನೋಡುವಂತೆ ಅವುಗಳನ್ನು ಎಕ್ಸ್-ಕಿರಣದಿಂದ ನೋಡಿದರು. ಒಂದು ಯಂತ್ರದ ಸ್ವಿಚ್ಚಿನಲ್ಲಿ ಇರಬಾರದ ತಂತಿಸುರುಳಿ ಕಂಡಿತು. ಇನ್ನೂ ಹುಡುಕಿದಾಗ ಒಂದು ಲೋಹದ ಪಟ್ಟಿಯ ಟೊಳ್ಳಿನೊಳಗೆ ಪುಟ್ಟ ವಿದ್ಯುನ್ಮಾನ ಮಂಡಲ ಅಡಗಿತ್ತು! ಆ ಟೈಪ್‌ರೈಟರ್‌ನಲ್ಲಿ ಅಕ್ಷರಗಳನ್ನು ಕೆತ್ತಿದ ಒಂದು ಗುಂಡು ಇರುತ್ತದೆ. ಕೀಲಿ ಒತ್ತಿದಾಗ ಒಳಗಿನ ಸರಳುಗಳು ಚಲಿಸಿ, ಗುಂಡು ತಿರುಗಿ, ಬೇಕಾದ ಅಕ್ಷರ ಕಾಗದಕ್ಕೆ ಬಡಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸರಳುಗಳು ಅಲುಗುತ್ತವೆ ಎಂಬುದು ನಿಶ್ಚಿತ. ಗೂಢಚಾರ ಮಂಡಲವು ಆ ಸರಳುಗಳ ಚಲನೆಯಿಂದ ಕಾಂತಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಅಳೆದು, ರೇಡಿಯೊ ಅಲೆಗಳ ಮೂಲಕ ಹೊರಗೆ ಕಳುಹಿಸುತ್ತಿತ್ತು. ಇಂಥ 16 ಯಂತ್ರಗಳು ಸಿಕ್ಕವು. ಸೋವಿಯತ್ ಒಕ್ಕೂಟದ ಗೂಢಚಾರರು ಹಲವು ವರ್ಷ ಯಾರಿಗೂ ಗೊತ್ತಾಗದಂತೆ ಈ ಕೆಲಸ ನಡೆಸಿದ್ದರು.

ಈಗ ನಿಮ್ಮ ಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ ಕೀಲಿಮಣೆ ಇದ್ದರೆ, ಶಿಕ್ಷಕರನ್ನು ಕೇಳಿ ಅದರ ತಿರುಪುಗಳನ್ನು ಬಿಚ್ಚಿ ನೋಡಿ. (ನಾನು ಶಾಲೆಗಳಿಗೆ ಹೋದಾಗ ಮಕ್ಕಳ ಕೈಯಲ್ಲೇ ಬಿಚ್ಚಿಸುತ್ತೇನೆ. ಸಾವಿರ ಚಿತ್ರಕ್ಕಿಂತ ಅದು ಮೇಲು.) ಹೆಚ್ಚಿನ ಕೀಲಿಮಣೆಗಳ ಒಳಗೆ ಗೆರೆಗಳಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಗಳು ಕಾಣುತ್ತವೆ. ಕೆಲವು ಗೆರೆಗಳನ್ನು ಅಡ್ಡಸಾಲು, ಕೆಲವನ್ನು ಕಂಬಸಾಲು ಎನ್ನೋಣ. ಒಂದು ಕೀಲಿ ಒತ್ತಿದರೆ ಒಂದು ಅಡ್ಡಸಾಲು ಮತ್ತು ಒಂದು ಕಂಬಸಾಲು ಒಂದನ್ನೊಂದು ಮುಟ್ಟುತ್ತವೆ. ಪುಟ್ಟ ಚಿಪ್ ಅದನ್ನು ಗುರುತಿಸಿ ಕಂಪ್ಯೂಟರಿಗೆ ಒಂದು ಸಂಖ್ಯೆ ಕಳುಹಿಸುತ್ತದೆ. ಯುಎಸ್‌ಬಿ ಕೀಲಿಮಣೆಯಲ್ಲಿ 'ಎ' ಕೀಲಿಯ ಸಂಖ್ಯೆ 4, 'ಬಿ' ಕೀಲಿಯದು 5. ಆಪರೇಟಿಂಗ್ ಸಿಸ್ಟಂ ಆ ಸಂಖ್ಯೆಯನ್ನು ಪಡೆದು, ನೀವು ತೆರೆದಿರುವ ತಂತ್ರಾಂಶಕ್ಕೆ ಮುಟ್ಟಿಸುತ್ತದೆ.

ಈ ದಾರಿಯ ನಡುವೆ ಕುಳಿತು, ಹಾದುಹೋಗುವ ಸಂಖ್ಯೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕಳ್ಳ ತಂತ್ರಾಂಶಕ್ಕೆ 'ಕೀಲಾಗರ್' ಎಂದು ಹೆಸರು. ಅದು ಸದ್ದು ಮಾಡುವುದಿಲ್ಲ, ಪರದೆಯ ಮೇಲೆ ಕಾಣಿಸುವುದೂ ಇಲ್ಲ. ಬರೆದಿಟ್ಟದ್ದನ್ನು ಆಗಾಗ ಅಂತರಜಾಲದ ಮೂಲಕ ತನ್ನ ಒಡೆಯನಿಗೆ ಕಳುಹಿಸುತ್ತದೆ.

'ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಭಯವಿಲ್ಲ' ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ನಿಮ್ಮ ಕಂಪ್ಯೂಟರಿನಿಂದ ಹೊರಟ ಮಾಹಿತಿ ಗುಪ್ತಲಿಪಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ. ಪತ್ರ ಬರೆಯುವಾಗಲೇ ಹೆಗಲ ಹಿಂದೆ ನಿಂತು ಓದಿದವನಿಗೆ, ಆಮೇಲೆ ಅಂಟಿಸಿದ ಲಕೋಟೆ ಅಡ್ಡಿಯಾಗುತ್ತದೆಯೇ?

ಉದ್ದದ ಬಲ, ಉದ್ದದ ಮಿತಿ

ಕದ್ದು ನೋಡಲಾಗದ ಕಳ್ಳ ಊಹಿಸಲು ಹೊರಡುತ್ತಾನೆ. ನಾಲ್ಕು ಅಂಕಿಗಳ ಪಾಸ್‌ವರ್ಡ್ ಆದರೆ 10×10×10×10, ಅಂದರೆ 10,000 ಸಾಧ್ಯತೆಗಳು ಮಾತ್ರ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟು ಅಕ್ಷರದ ಪಾಸ್‌ವರ್ಡ್ ಮಾಡಿದರೆ ಸುಮಾರು 20,882 ಕೋಟಿ ಸಾಧ್ಯತೆಗಳು. ಅಬ್ಬಾ ಎನ್ನಬೇಡಿ. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರ ಅವನ್ನೆಲ್ಲ ಮೂರೂವರೆ ನಿಮಿಷದೊಳಗೆ ಮುಗಿಸುತ್ತದೆ. ಇನ್ನು ನಾಲ್ಕೇ ಅಕ್ಷರ ಸೇರಿಸಿ ಹನ್ನೆರಡು ಮಾಡಿ. ಅದೇ ಯಂತ್ರಕ್ಕೆ ಸುಮಾರು ಮೂರು ವರ್ಷ ಬೇಕು! ಆದ್ದರಿಂದ ಪಾಸ್‌ವರ್ಡ್ ಉದ್ದವಾಗಿರಲಿ. ಊರಿನ ಹೆಸರು, ಹುಟ್ಟಿದ ತಾರೀಖು ಬೇಡ. ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸುವುದೂ ಬೇಡ.

ಆದರೆ ಕೀಲಾಗರ್‌ನ ಮುಂದೆ ನೂರು ಅಕ್ಷರದ ಪಾಸ್‌ವರ್ಡೂ ನಿಲ್ಲುವುದಿಲ್ಲ. ನೀವು ನೂರು ಕೀಲಿ ಒತ್ತಿದರೆ ಅದು ನೂರನ್ನೂ ಬರೆದುಕೊಳ್ಳುತ್ತದೆ, ಅಷ್ಟೇ. ಹಾಗಾದರೆ ಏನು ಮಾಡುವುದು? ಕದ್ದರೂ ನಾಳೆಗೆ ಪ್ರಯೋಜನಕ್ಕೆ ಬಾರದ ಬೀಗದಕೈ ಬೇಕು.

ಅರ್ಧ ನಿಮಿಷದ ಬೀಗದಕೈ

ಅಂಥದ್ದು ಇದೆ. ಪಾಸ್‌ವರ್ಡ್ ಜೊತೆಗೆ ಆರು ಅಂಕಿಗಳ ಎರಡನೆಯ ಸಂಕೇತವನ್ನೂ ಕೇಳುವ ಪದ್ಧತಿಯನ್ನು ನೀವು ನೋಡಿರಬಹುದು. ಕೆಲವೊಮ್ಮೆ ಅದು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಇನ್ನೊಂದು ಬಗೆಯಲ್ಲಿ ಮೊಬೈಲಿನ ಒಂದು ಆ್ಯಪ್ ತಾನೇ ಸಂಕೇತವನ್ನು ತಯಾರಿಸುತ್ತದೆ. ಅದಕ್ಕೆ ನೆಟ್‌ವರ್ಕ್ ಕೂಡ ಬೇಡ! ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಂಕೇತ ಬದಲಾಗುತ್ತದೆ. ಷೇರು ಖಾತೆಗೆ ಎರಡು ಹಂತದ ಇಂಥ ಪರೀಕ್ಷೆ ಇರಲೇಬೇಕೆಂದು ನಮ್ಮ ಷೇರು ವಿನಿಮಯ ಕೇಂದ್ರಗಳು 2022ರ ಸೆಪ್ಟೆಂಬರ್ 30ರ ಗಡುವು ಹಾಕಿ ನಿಯಮ ಮಾಡಿದವು.

ನೆಟ್‌ವರ್ಕ್ ಇಲ್ಲದೆ ಮೊಬೈಲಿಗೂ ದೂರದ ಕಂಪ್ಯೂಟರಿಗೂ ಒಂದೇ ಸಂಕೇತ ಗೊತ್ತಾಗುವುದು ಹೇಗೆ? ಕಾಗದ, ಪೆನ್ಸಿಲ್ ಮತ್ತು ಗಡಿಯಾರದಿಂದ ನೀವೇ ಮಾಡಿ ನೋಡಬಹುದು. ನೀವೂ ನಿಮ್ಮ ಗೆಳತಿಯೂ ಎರಡಂಕಿಯ ಒಂದು ಗುಟ್ಟಿನ ಸಂಖ್ಯೆಯನ್ನು ಒಪ್ಪಿಕೊಳ್ಳಿ. ಅದು 47 ಇರಲಿ. ನಂತರ ದೂರ ದೂರ ಕುಳಿತುಕೊಳ್ಳಿ. ಗಂಟೆ 10.23 ಆಗಿದ್ದರೆ 1023ನ್ನು 47ರಿಂದ ಗುಣಿಸಿ. 48081 ಬಂತು. ಕೊನೆಯ ಮೂರು ಅಂಕಿಗಳಾದ 081 ನಿಮ್ಮ ಸಂಕೇತ. ಗೆಳತಿಗೂ ಅದೇ ಬಂದಿರುತ್ತದೆ. ಮಧ್ಯದಲ್ಲಿ ಕುಳಿತ ಮೂರನೆಯವನು 081ನ್ನು ಕದ್ದು ಕೇಳಿಸಿಕೊಂಡರೂ, 10.24ಕ್ಕೆ ಅದು ನಡೆಯುವುದಿಲ್ಲ. ಆಗಿನ ಸಂಕೇತ 128. ಗುಟ್ಟು ಒಂದೇ, ಗಡಿಯಾರ ಒಂದೇ, ಆದ್ದರಿಂದ ಉತ್ತರವೂ ಒಂದೇ!

ಈಗ 128ರಿಂದ 81ನ್ನು ಕಳೆಯಿರಿ. ಏನು ಬಂತು? 47! ಎರಡು ಸಂಕೇತ ಕೇಳಿಸಿಕೊಂಡವನಿಗೆ ನಮ್ಮ ಗುಟ್ಟೇ ಸಿಕ್ಕಿಬಿಟ್ಟಿತು. ಅದಕ್ಕೇ ನಿಜವಾದ ಆ್ಯಪ್‌ನಲ್ಲಿ ಗುಟ್ಟಿನ ಸಂಖ್ಯೆ ಬಹಳ ಉದ್ದ. ಗುಣಾಕಾರದ ಬದಲು, ಹಿಂದಕ್ಕೆ ಬಿಡಿಸಲಾಗದಂಥ ಕಲಸುವ ಲೆಕ್ಕ ಇರುತ್ತದೆ. ಕಾಳಿನಿಂದ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಕಾಳು ಮಾಡಲಾಗದು. ಹಾಗೆಯೇ ಇದು.

ಇದಕ್ಕೂ ಒಂದು ಬಿರುಕಿದೆ. ಬ್ಯಾಂಕಿನವರಂತೆ ಫೋನ್ ಮಾಡಿದವನಿಗೆ ಸಂಕೇತವನ್ನು ಓದಿ ಹೇಳಿದರೆ, ಅಥವಾ ಅಸಲಿಯಂತೆಯೇ ಕಾಣುವ ನಕಲಿ ಪುಟದಲ್ಲಿ ಟೈಪ್ ಮಾಡಿದರೆ, ಕಳ್ಳನಿಗೆ ಅರ್ಧ ನಿಮಿಷವೇ ಸಾಕು. ಆ ಅರ್ಧ ನಿಮಿಷವನ್ನು ಯಾವ ಗಣಿತವೂ ಕಾಯಲಾರದು.

ಆಟವೂ ವ್ಯಾಪಾರವೂ ಒಂದೇ ಕಂಪ್ಯೂಟರಿನಲ್ಲೇ?

ಕೀಲಾಗರ್ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಬಹಳ ಸಲ ಯಾರೋ ಅದನ್ನು ಬಾಗಿಲು ತೆರೆದು ಕರೆದಿರುತ್ತಾರೆ. 'ಪುಕ್ಕಟೆ ಗೇಮ್', 'ನಾಳೆ ಏರುವ ಷೇರು ತಿಳಿಸುವ ತಂತ್ರಾಂಶ', ಯಾರದೋ ಪೆನ್‌ಡ್ರೈವ್, ಹೀಗೆ. ಮೊದಲನೆಯದನ್ನು ಇಳಿಸಿಕೊಳ್ಳುವವರು ಯಾರು? ನೀವೇ ಅಲ್ಲವೇ! ಅಮ್ಮನೋ ಅಣ್ಣನೋ ವ್ಯಾಪಾರ ಮಾಡುವ ಕಂಪ್ಯೂಟರಿನಲ್ಲಿ ಕದ್ದ ಪ್ರತಿಯ ಗೇಮ್ ಹಾಕಿದರೆ, ಆಟ ನಿಮ್ಮದು, ನಷ್ಟ ಮನೆಯದು. ಕಂಪ್ಯೂಟರಿನಲ್ಲಿ ಮಕ್ಕಳಿಗೆ ಬೇರೆಯೇ ಒಂದು ಬಳಕೆದಾರ ಖಾತೆ ತೆರೆಯಬಹುದು. ಹೊಸ ತಂತ್ರಾಂಶ ಹಾಕುವ ಪೂರ್ಣ ಅಧಿಕಾರವನ್ನು ಅದಕ್ಕೆ ಕೊಡದಿದ್ದರೆ ಆಯಿತು. ನನ್ನ ಕೇಳಿದರೆ, ವ್ಯಾಪಾರದ ಕಂಪ್ಯೂಟರಿನಲ್ಲಿ ಆಟವೇ ಬೇಡ.

'ನವೀಕರಿಸಿ' ಎಂಬ ಸಂದೇಶ ಬಂದಾಗ ಮುಂದೂಡುವುದು ಹಲವರ ಚಾಳಿ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕೆಡಿಸಿತು. ಅದು ನುಗ್ಗಿದ ತೂತನ್ನು ಮುಚ್ಚುವ ತೇಪೆ ಅದೇ ಮಾರ್ಚ್‌ನಲ್ಲೇ ಬಂದಿತ್ತು! ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯ ಕಂಪ್ಯೂಟರ್ ಯಾವುದೆಂದು ಇವತ್ತೇ ನೋಡಿ, ಹಿರಿಯರಿಗೆ ತಿಳಿಸಿ.

ಖಾತೆಯಲ್ಲಿ ತಾವು ಮಾಡದ ವ್ಯವಹಾರ ಕಂಡರೆ ಮನೆಯವರು ತಮ್ಮ ದಲ್ಲಾಳಿ ಸಂಸ್ಥೆಗೆ ಹೇಳಿ ಖಾತೆಯನ್ನು ಕೂಡಲೇ ತಡೆಹಿಡಿಸಬೇಕು. 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು. ಆಮೇಲೆ ಪಾಸ್‌ವರ್ಡ್ ಬದಲಿಸುವುದು ಬೇರೆ ಕಂಪ್ಯೂಟರಿನಿಂದ. ಅದೇ ಕಂಪ್ಯೂಟರಿನಿಂದ ಏಕೆ ಬೇಡ ಎಂಬುದು ನಿಮಗೀಗ ಗೊತ್ತಿದೆ.

ಬಿಡಿಸಿ ನೋಡಿ

ಇಬ್ಬರು ಗೆಳೆಯರು ಮೇಲಿನ ಆಟವನ್ನೇ ಆಡುತ್ತಿದ್ದಾರೆ. ಅವರ ಗುಟ್ಟು ಎರಡಂಕಿಯದು. 9.10ಕ್ಕೆ ಅವರ ಸಂಕೇತ 760, 9.11ಕ್ಕೆ 796. ಗುಟ್ಟಿನ ಸಂಖ್ಯೆ ಯಾವುದು? ಷೇರುಪೇಟೆ ತೆರೆಯುವ 9.15ಕ್ಕೆ ಅವರ ಸಂಕೇತ ಎಷ್ಟಿರುತ್ತದೆ?

(ಉತ್ತರ: 36, 940)