ಕಾಶಿಯ ಶಹನಾಯಿ ಮೇಳ

ಸಾರನಾಥವೆಂದೊಡನೆ ಬುದ್ಧದೇವನು ಐವರು ಶಿಷ್ಯರಿಗೆ ಮೊದಲ ಉಪದೇಶ ಮಾಡಿದ ಸ್ಥಳವೆಂದೂ, ಅಶೋಕನ ಸಿಂಹಸ್ತಂಭ ದೊರೆತ ಊರೆಂದೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಗುಪ್ತರ ಕಾಲದ ನೀಳವಾದ ತೊಲೆಗಲ್ಲೊಂದಿದೆ. ಅದರ ಮೇಲೆ ಕ್ಷಾಂತಿವಾದಿ ಜಾತಕದ ಕಥೆಯನ್ನು ಕೆತ್ತಿದ್ದಾರೆ. ನರ್ತಿಸುವವಳೂ, ಅವಳ ಸುತ್ತ ವಾದ್ಯ ನುಡಿಸುವ ಸ್ತ್ರೀಯರೂ ಅದರಲ್ಲಿ ಕಾಣುತ್ತಾರೆ. ಜಾತಕ ಕಥೆಯಂತೆ, ಕಾಶಿಯ ಅರಸನು ಉದ್ಯಾನದಲ್ಲಿ ಸಂಗೀತ ಕೇಳುತ್ತ ನಿದ್ರೆಹೋದನು. ಕೇಳುವವನೇ ಮಲಗಿದ ಮೇಲೆ ನುಡಿಸುವುದೇತಕ್ಕೆಂದು ಆ ಸ್ತ್ರೀಯರು ವಾದ್ಯಗಳನ್ನು ಕೆಳಗಿರಿಸಿ, ಋಷಿಯೊಬ್ಬನ ಮಾತು ಕೇಳಲು ಹೊರಟುಹೋದರು. ಋಷಿಯ ಸಹನೆಯೇ ಕಥೆಯ ಮುಖ್ಯ ನೀತಿಯಾದರೂ, ಸಂಗೀತದ ಸತ್ಯವೊಂದು ಅದರಲ್ಲಿ ಅಡಗಿದೆ: ಕೇಳುವವರಿದ್ದರೆ ಮಾತ್ರ ಮೇಳ ಉಳಿಯುತ್ತದೆ.

ಸಾರನಾಥದಿಂದ ಸುಮಾರು 10 ಕಿಲೋಮೀಟರ್ ದೂರದ ಕಾಶಿಯಲ್ಲಿ, ಕಳೆದ ಶತಮಾನದಲ್ಲಿ ಬೆಳೆದು ಹೆಸರಾದ ಒಂದು ಮೇಳದ ಚರಿತ್ರೆಯನ್ನು ಇಲ್ಲಿ ವಿಚಾರಿಸೋಣ. ಅದು ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಮೇಳ.

ಉತ್ತರ ಕರ್ನಾಟಕದಲ್ಲಿ ನಾವು ಸನಾದಿ ಎಂದು ಕರೆಯುವ ವಾದ್ಯವೇ ಶಹನಾಯಿ. ಮರದ ಕೊಳವೆ, ಅದರ ಕೊನೆಗೆ ಲೋಹದ ಅಗಲವಾದ ಬಾಯಿ, ಊದುವ ತುದಿಗೆ ಜೊಂಡುಹುಲ್ಲಿನಿಂದ ಮಾಡಿದ ಪುಟ್ಟ ನಾಲಗೆ. ಇಷ್ಟೇ ಇದರ ರಚನೆ. ಸ್ವರದ ಸೂಕ್ಷ್ಮವೆಲ್ಲ ವಾದಕನ ಉಸಿರಿನಲ್ಲಿಯೂ, ತುಟಿಯಲ್ಲಿಯೂ, ರಂಧ್ರಗಳನ್ನು ಅರೆಮುಚ್ಚುವ ಬೆರಳುಗಳಲ್ಲಿಯೂ ಇದೆ. ಮೇಳದಲ್ಲಿ ಒಬ್ಬನು ರಾಗವನ್ನು ವಿಸ್ತರಿಸುತ್ತಾನೆ. ಇನ್ನೊಬ್ಬನು ಅವನನ್ನು ಅನುಸರಿಸಿ ನುಡಿಸುತ್ತಾನೆ. ಮತ್ತೊಬ್ಬನು ಒಂದೇ ಸ್ವರವನ್ನು ಎಡೆಬಿಡದೆ ಊದಿ ಶ್ರುತಿ ಹಿಡಿಯುತ್ತಾನೆ. ತಾಳಕ್ಕೆ ದುಕ್ಕಡವೆಂಬ ಜೋಡಿ ಚರ್ಮವಾದ್ಯವೋ ತಬಲವೋ ಇರುತ್ತದೆ. ಶ್ರುತಿ ಹಿಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಅವನ ಸ್ವರ ಕದಲಿದರೆ ಮುಖ್ಯವಾದಕನ ವಿದ್ವತ್ತೂ ನಿಲ್ಲಲಾರದು.

ಬಿಸ್ಮಿಲ್ಲಾ ಖಾನರು 1916ರಲ್ಲಿ ಬಿಹಾರದ ಡುಮರಾವಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕಾಶಿಗೆ ಬಂದು, ವಿಶ್ವನಾಥನ ದೇವಾಲಯದಲ್ಲಿ ಶಹನಾಯಿ ಸೇವೆ ಸಲ್ಲಿಸುತ್ತಿದ್ದ ಸೋದರಮಾವ ಅಲಿ ಬಕ್ಷರಲ್ಲಿ ಕಲಿತರು. ಗಂಗಾತೀರದ ಬಾಲಾಜಿ ಮಂದಿರದಲ್ಲಿ ಅವರ ನಿತ್ಯಸಾಧನೆ ನಡೆಯಿತು. ಅಂದು ಶಹನಾಯಿಯ ಸ್ಥಾನ ಅರಮನೆಯ ಹೆಬ್ಬಾಗಿಲು, ಗುಡಿಯ ಬಾಗಿಲು, ಮದುವೆಯ ಚಪ್ಪರ. 1937ರಲ್ಲಿ ಕಲಕತ್ತೆಯ ಸಂಗೀತ ಸಮ್ಮೇಳನದಲ್ಲಿ ಅವರು ನುಡಿಸಿದ್ದು, ಈ ವಾದ್ಯವು ಬಾಗಿಲಿನಿಂದ ವೇದಿಕೆಗೆ ಏರಿದ ಹಾದಿಯಲ್ಲಿ ಮುಖ್ಯ ಹೆಜ್ಜೆಯಾಯಿತು. 1947ರಲ್ಲಿ ಸ್ವಾತಂತ್ರ್ಯ ಬಂದಾಗ ದಿಲ್ಲಿಯಲ್ಲಿ ಅವರ ಶಹನಾಯಿ ಮೊಳಗಿತು. 1950ರ ಜನವರಿ 26ರಂದು ಕೆಂಪುಕೋಟೆಯಲ್ಲಿ ಅವರು ಕಾಫಿ ರಾಗವನ್ನು ನುಡಿಸಿದರು. ಅಣ್ಣ ಶಂಸುದ್ದೀನರು ಬಹುಕಾಲ ಜೊತೆಗೂಡಿ ನುಡಿಸಿದರು. ಅನಂತರ ಮಕ್ಕಳೂ ಬಂಧುಗಳೂ ಮೇಳವನ್ನು ತುಂಬಿದರು. 2001ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು.

ಕೀರ್ತಿ ದೇಶಾಂತರಗಳಿಗೆ ಹಬ್ಬಿದರೂ ಅವರು ಕಾಶಿಯನ್ನು ಬಿಡಲಿಲ್ಲ. ದೇವಾಲಯದಲ್ಲಿ ನುಡಿಸಿದ ಆ ಶ್ರದ್ಧಾವಂತ ಮುಸಲ್ಮಾನರು ಮೊಹರಮ್ಮಿನ ಎಂಟನೆಯ ದಿನ ಶೋಕಗೀತವನ್ನು ನುಡಿಸುತ್ತ ಬೀದಿಯಲ್ಲಿ ನಡೆಯುತ್ತಿದ್ದರು. 2006ರ ಆಗಸ್ಟ್ 21ರಂದು ಕಾಶಿಯಲ್ಲಿಯೇ ತೀರಿಕೊಂಡರು. ಅವರೊಡನೆ ಒಂದು ಶಹನಾಯಿಯನ್ನೂ ಮಣ್ಣಿಗಿರಿಸಿದರು.

ಕನ್ನಡಿಗರಿಗೂ ಈ ನಾದದ ಋಣವುಂಟು. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಅಪ್ಪಣ್ಣನಾಗಿ ಅಭಿನಯಿಸಿದವರು ರಾಜಕುಮಾರರು. ಆ ಪಾತ್ರದ ಸನಾದಿಯ ನಾದ ಬಿಸ್ಮಿಲ್ಲಾ ಖಾನರದು. ಸಂಗೀತ ನಿರ್ದೇಶನ ಜಿ. ಕೆ. ವೆಂಕಟೇಶರದು. ನಮ್ಮ ಹಳ್ಳಿಯ ಸನಾದಿಯವನ ಬಾಳು ಕಾಶಿಯ ಉಸಿರಿನಲ್ಲಿ ನುಡಿಯಿತು.

ಇನ್ನು ಈ ಮೇಳವು ನಮಗೆ ಬಿಟ್ಟುಹೋದುದೇನು? ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ತರುಣ ಕಲಾವಿದರಿಗೆ ಬಿಸ್ಮಿಲ್ಲಾ ಖಾನರ ಹೆಸರಿನ ಪುರಸ್ಕಾರವನ್ನು ಕೊಡುತ್ತದೆ. ಧ್ವನಿಮುದ್ರಿಕೆಗಳು ಉಳಿದಿವೆ. ಆದರೆ ಧ್ವನಿಮುದ್ರಿಕೆಯೇ ಇಂದು ಒಂದು ಸಂಕಟವನ್ನೂ ತಂದಿದೆ. ನಗರದ ಅನೇಕ ಮದುವೆಗಳಲ್ಲಿ ಮುದ್ರಿತ ಶಹನಾಯಿಯೇ ಕೇಳಿಬರುತ್ತದೆ. ಅದಕ್ಕೆ ಊಟ ಹಾಕಬೇಕಾಗಿಲ್ಲ, ಸಂಭಾವನೆ ಕೊಡಬೇಕಾಗಿಲ್ಲ. ಹಿರಿಯ ವಿದ್ವಾಂಸರ ನಾದ ಪೆಟ್ಟಿಗೆಯಲ್ಲಿ ಉಳಿದರೂ, ಬಾಗಿಲಲ್ಲಿ ಕುಳಿತು ಶ್ರುತಿ ಹಿಡಿಯುತ್ತಿದ್ದವನ ಅನ್ನ ಹೋಗುತ್ತದೆ. ಅವನಿಲ್ಲದೆ ಮುಂದಿನ ಬಿಸ್ಮಿಲ್ಲಾ ಖಾನರು ಯಾವ ಶ್ರುತಿಯ ಮೇಲೆ ಕಲಿತಾರು?

ವಿದ್ಯಾರ್ಥಿಗಳೇ, ಮದುವೆಯಲ್ಲೋ ಜಾತ್ರೆಯಲ್ಲೋ ಸನಾದಿಯವರು ನುಡಿಸುತ್ತಿದ್ದರೆ ಕ್ಷಣಕಾಲ ಅವರೆದುರು ನಿಲ್ಲಿರಿ. ಒಂದೇ ಸ್ವರವನ್ನು ಊದುತ್ತಿರುವವನು ಯಾರೆಂದು ಗುರುತಿಸಿರಿ. ನುಡಿಸಿ ಮುಗಿದ ಮೇಲೆ ಅವನ ಹೆಸರನ್ನೂ ಕೇಳಿರಿ. ಬರುವ ತರಗತಿಯಲ್ಲಿ ಆ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಯೋಣ.