ಪೈಪು ನಮ್ಮದು, ಲಾಗಿನ್ ಅವರದು

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಪ್ಲಂಬಿಂಗ್ ಮಾಡಿದ ದಾವಣಗೆರೆ ಮೂಲದ ಕಂಟ್ರಾಕ್ಟರ್ ಒಬ್ಬರಿಗೆ ಆ ಫೈನಲ್ ಬಿಲ್ಲಿನ ಮಾತೆತ್ತಿದರೆ ಇವತ್ತಿಗೂ ರಕ್ತ ಕುದಿಯುತ್ತದೆ. ಮುಖ್ಯ ಗುತ್ತಿಗೆ ಕಂಪನಿ ತನ್ನ ಸಾಫ್ಟ್‌ವೇರಿಗೆ ಎಲ್ಲ ಸಬ್‌ಕಂಟ್ರಾಕ್ಟರುಗಳಿಗೂ ಲಾಗಿನ್ ಕೊಟ್ಟಿತ್ತು. "ಪುಕ್ಕಟೆ ಸಿಗ್ತಿರುವಾಗ ನೀವ್ಯಾಕೆ ಬೇರೆ ತಗೋತೀರಿ ಮಾವ?" ಎಂದವನು ಇಂಜಿನಿಯರಿಂಗ್ ಓದಿದ ಅಕ್ಕನ ಮಗ. ಅಳತೆ ಪುಸ್ತಕ ಮೂಲೆ ಸೇರಿತು.

ಪ್ಲಂಬಿಂಗ್‌ನಲ್ಲಿ ದುಡ್ಡಿರುವುದೇ ಕಣ್ಣಿಗೆ ಕಾಣದ ಜಾಗದಲ್ಲಿ. ಗೋಡೆ ಕೊರೆದು ಕೂರಿಸಿದ ಸಿಪಿವಿಸಿ ಪೈಪಿನ ಮೇಲೆ ಪ್ಲಾಸ್ಟರ್ ಬೀಳುತ್ತದೆ. ಟಾಯ್ಲೆಟ್ಟಿನ ತಗ್ಗು ಸ್ಲ್ಯಾಬಿನಲ್ಲಿ ಹಾಕಿದ ಡ್ರೈನೇಜ್ ಲೈನಿನ ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಟೈಲ್ಸ್. ಮುಚ್ಚುವ ಮುಂಚೆ ಟೇಪ್ ಹಿಡಿದು ಅಳೆಯಬೇಕು, ಪ್ರೆಶರ್ ಗೇಜಿನ ಮುಳ್ಳು ಕಾಣುವಂತೆ ಫೋಟೊ ತೆಗೆಯಬೇಕು. ಅದನ್ನೆಲ್ಲ ಮೇಸ್ತ್ರಿ ಚಾಚೂ ತಪ್ಪದೆ ಮಾಡಿದ್ದ. ಆದರೆ ಕಂಪನಿಯ ಆ್ಯಪ್ ಒಳಗೆ. ಅಲ್ಲಿ ತೆಗೆದ ಫೋಟೊ ಫೋನಿನ ಗ್ಯಾಲರಿಗೆ ಬರುತ್ತಿರಲಿಲ್ಲ.

ಬೀಮ್ ಅಡ್ಡ ಬಂದ ಕಡೆಯೆಲ್ಲ ಸೈಟ್ ಇಂಜಿನಿಯರ್ ಬಾಯಿಮಾತಲ್ಲೇ ಲೈನ್ ಸುತ್ತಿಸಿದ್ದರು. ಪೈಪು ಜಾಸ್ತಿ ಹಿಡಿಯಿತು. ಬಿಲ್ಲಿಂಗ್ ಇಂಜಿನಿಯರ್ ಮಾತ್ರ ಡ್ರಾಯಿಂಗ್ ಬಿಟ್ಟು ಕದಲಲಿಲ್ಲ.

"ಯಜಮಾನ್ರೇ, ಡ್ರಾಯಿಂಗಲ್ಲಿ ಇಷ್ಟೇ ಇರೋದು. ಜಾಸ್ತಿ ಇದ್ರೆ ರೆಕಾರ್ಡ್ ತೋರಿಸಿ."

ಫೋನ್ ತೆಗೆದರೆ ಆ್ಯಪ್ ತೆರೆಯಲೊಲ್ಲದು. ಮತ್ತೆ ಪಾಸ್‌ವರ್ಡ್ ಒತ್ತಿದರು. ಅದೇ ಕೆಂಪು ಅಕ್ಷರ.

"ಕೆಲಸ ಮುಗಿದವರದ್ದು ಕ್ಲೋಸ್ ಮಾಡಿದೀವಿ."

"ನಿಮ್ಮ ಕಂಪ್ಯೂಟರಲ್ಲಿ ಇರುತ್ತಲ್ಲ ಸಾರ್, ತೆಗೀರಿ."

"ಅದು ಹೆಡ್ ಆಫೀಸಿನವರ ಕೈಲಿದೆ. ಮೇಲ್ ಹಾಕಿ."

ಮೇಲ್ ಹಾಕಿದರು, ಉತ್ತರ ಬರಲಿಲ್ಲ. ಗೋಡೆ ಒಡೆದು ತೋರಿಸೋಣವೆಂದರೆ ಆ ಫ್ಲಾಟುಗಳಲ್ಲಿ ಆಗಲೇ ಗೃಹಪ್ರವೇಶ ನಡೆಯುತ್ತಿತ್ತು. ಕೊನೆಗೆ ಡ್ರಾಯಿಂಗ್ ಅಳತೆಗೇ ಸಹಿ ಹಾಕಿ ಎದ್ದರು. ಅವರ ಸಿಟ್ಟೆಲ್ಲ ಇವತ್ತಿಗೂ ಆ ಬಿಲ್ಲಿಂಗ್ ಇಂಜಿನಿಯರ್ ಮೇಲೆ; ಉಳಿದದ್ದು ಅಕ್ಕನ ಮಗನ ಪಾಲಿಗೆ.

ಆದರೆ ಸಾಫ್ಟ್‌ವೇರ್ ದುಡ್ಡು ಕೊಟ್ಟವರ ಕೆಲಸ ಮಾಡುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಬಿಲ್ಡರ್ ಗ್ರಾಹಕರಿಂದ ಪಡೆದ ಹಣದಲ್ಲಿ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಕೆಲಸ ಎಷ್ಟಾಗಿದೆಯೆಂದು ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಬರೆದುಕೊಟ್ಟರೆ ಅಷ್ಟಕ್ಕೆ ತಕ್ಕಂತೆ ತೆಗೆಯಬಹುದು. ಹಾಗಾಗಿ ಬಿಲ್ಡರಿಗೆ ಬೇಕಾದದ್ದು ಪ್ರಗತಿ ಮತ್ತು ಹಣದ ಲೆಕ್ಕ. 2008ರಲ್ಲಿ ಒರಾಕಲ್ ಕೊಂಡುಕೊಂಡ ಪ್ರೈಮವೆರಾ ಎಂಬ ಸಾಫ್ಟ್‌ವೇರ್, ಒಂದು ಕೆಲಸ ತಡವಾದರೆ ಮುಂದಿನವು ಎಷ್ಟು ಜಾರುತ್ತವೆಂದು ತೋರಿಸುತ್ತದೆ. ಮೆಟ್ರೊ, ಹೆದ್ದಾರಿಯಂಥ ಕಾಮಗಾರಿ ನಡೆಸುವವರಿಗೆ ಅಂಥದ್ದಿಲ್ಲದೆ ಆಗದು. ಪೈಪು ಕೂರಿಸುವವರಿಗೆ ಬೇಕಾದದ್ದು ಹಾಜರಿ, ಮಾಲು, ಆರ್‌ಎ (ರನ್ನಿಂಗ್ ಅಕೌಂಟ್) ಬಿಲ್, ಹಿಡಿದಿಟ್ಟ ರಿಟೆನ್ಷನ್ ಹಣದ ಲೆಕ್ಕ.

ದಾಖಲೆ ಯಾರದೆಂಬ ಜಗಳ ಹೊಸದಲ್ಲ. 2000ದಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ಅಕೊನೆಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಬೆಳೆದದ್ದೇ, ಪ್ರತಿ ಸಂಸ್ಥೆಯ ದಾಖಲೆ ಆಯಾ ಸಂಸ್ಥೆಯ ಕೈಯಲ್ಲೇ ಇರಬೇಕೆಂಬ ನಿಯಮದ ಮೇಲೆ. ಸಣ್ಣ ಕಂಟ್ರಾಕ್ಟರಿಗೆ ಅಂಥದ್ದು ದುಬಾರಿ.

ಈಗ ಆ ದಾವಣಗೆರೆಯ ಕಂಟ್ರಾಕ್ಟರ್ ಸಾಫ್ಟ್‌ವೇರ್ ಡೆಮೊ ತೋರಿಸಲು ಬಂದವರನ್ನು ಮೊದಲು ಕೇಳುವುದು, ಫೋಟೊ ಮತ್ತು ಅಳತೆಯನ್ನು ಎಕ್ಸೆಲ್ ಸಮೇತ ಹೊರಗೆ ತೆಗೆಯಬಹುದೇ ಎಂದು. ಕಂಪನಿಯ ಆ್ಯಪನ್ನೇ ಬಳಸಬೇಕಾದರೆ ದಿನದ ಅಳತೆಯನ್ನು ಸಂಜೆಯೇ ಪ್ರಿಂಟ್ ತೆಗೆಸಿ, ಸೈಟ್ ಇಂಜಿನಿಯರ್ ಕೈಲಿ ಸಹಿ ಹಾಕಿಸುತ್ತಾರೆ. ರಿಟೆನ್ಷನ್ ಹಣ ಕೈಸೇರುವವರೆಗೆ ಲಾಗಿನ್ ಮುಚ್ಚಬಾರದೆಂದು ವರ್ಕ್ ಆರ್ಡರಿನಲ್ಲೇ ಬರೆಸುತ್ತಾರೆ. ಮೊನ್ನೆ ಒಬ್ಬ ಬಿಲ್ಡರ್ ಆ ಸಾಲು ಹೊಡೆದುಹಾಕಿದ್ದಕ್ಕೆ ಕೆಲಸವನ್ನೇ ಬಿಟ್ಟುಬಂದರಂತೆ.